ಮೊಟ್ಟೆಗಿಂತ ಮೊದಲು ಕೊಳ: ಮನೆಯಲ್ಲಿ ಬ್ಯಾಂಬೂ ಶಾರ್ಕ್ ಸಾಕಿದ ಎರಡು ವರ್ಷ

2025ರ ಮಾರ್ಚ್ 22ರ ಶನಿವಾರ ಸಂಜೆ, ನಮ್ಮ ಗ್ಯಾರೇಜಿನಲ್ಲಿರುವ ಉಪ್ಪುನೀರಿನ ಕೊಳದ ಒಂದು ಮೂಲೆಗೆ ಅಡ್ಡವಾಗಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಜಾಲರಿಯನ್ನು ನಾನೂ ನನ್ನ ಹೆಂಡತಿಯೂ ಸೇರಿ ಮೇಲೆತ್ತಿದೆವು. ಅದರ ಹಿಂದೆ ಒಂಬತ್ತು ತಿಂಗಳಿಂದ ಬೆಳೆಯುತ್ತಿದ್ದ, ಆಗ 36 ಸೆಂಟಿಮೀಟರ್ ಉದ್ದವಿದ್ದ ಬ್ಯಾಂಬೂ ಶಾರ್ಕ್ ಮರಿಗೆ ಇನ್ನು ಮುಂದೆ ಇಡೀ ಕೊಳವೇ ಮನೆ. 2023ರ ಫೆಬ್ರವರಿಯಲ್ಲಿ ಟೇಪು ಹಿಡಿದು ಗ್ಯಾರೇಜಿನ ನೆಲ ಅಳೆದ ದಿನದಿಂದ ಲೆಕ್ಕ ಹಾಕಿದರೆ ಎರಡು ವರ್ಷದ ಮೇಲೆ ಒಂದು ತಿಂಗಳು ಹಿಡಿದಿದೆ. ಈ ಅವಧಿಯುದ್ದಕ್ಕೂ ಬೇಕಾದ ಮಾಹಿತಿ ಚೂರುಚೂರಾಗಿ ಸಿಗುತ್ತಿತ್ತೇ ಹೊರತು, ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವವರು ಸಿಗಲಿಲ್ಲ. ನಾವಿರುವ ಅಮೆರಿಕದ ಹೂಸ್ಟನ್ ಸುತ್ತಮುತ್ತಲಿನ ಇಬ್ಬರು ಕನ್ನಡದ ಗೆಳೆಯರು ತಾವೂ ಶಾರ್ಕ್ ಸಾಕಬೇಕೆಂದು ವಿಚಾರಿಸಿದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ನಾನು ಮಲ್ಪೆಯ ಹತ್ತಿರ ಹುಟ್ಟಿ ಬೆಳೆದವನು. ಅಲ್ಲಿ ಶಾರ್ಕಿಗೆ ತಾಟೆ ಎನ್ನುತ್ತಾರೆ, ಅದು ದಕ್ಕೆಯಲ್ಲಿ ಬುಟ್ಟಿಗಳಲ್ಲಿ ಬರುವ, ಮನೆಯಲ್ಲಿ ಸಾರಾಗುವ ಮೀನು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅಂಗಡಿಯೊಂದರಲ್ಲಿ ‘ಶಾರ್ಕ್’ ಎಂದು ಕೊಟ್ಟ ಎರಡಂಗುಲದ ನಾಲ್ಕು ಬೆಳ್ಳಿಬಣ್ಣದ ಮೀನುಗಳನ್ನು ಎರಡಡಿ ತೊಟ್ಟಿಯಲ್ಲಿ ಸಾಕಿದ್ದೆ. ಅವು ಗಾಬರಿಗೊಂಡಾಗಲೆಲ್ಲ ಗಾಜಿಗೆ ಮೂತಿ ಚಚ್ಚಿಕೊಂಡು, ಒಂದು ವರ್ಷದೊಳಗೆ ಒಂದೊಂದಾಗಿ ಸತ್ತವು. ಅವು ಶಾರ್ಕ್ ಅಲ್ಲವೇ ಅಲ್ಲ, ಒಂದು ಮೀಟರಿಗಿಂತಲೂ ಉದ್ದ ಬೆಳೆಯುವ, ಗುಂಪಿನಲ್ಲಿ ಬದುಕುವ ಪಂಗಾಸಿಯಸ್ ಎಂಬ ಸಿಹಿನೀರಿನ ಮೀನಿನ ಮರಿಗಳು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಬಳಿಕ. ಅಂಗಡಿಗಳಲ್ಲಿ ಸಿಗುವ ಬಾಲಾ ಶಾರ್ಕ್, ಕೆಂಪು ಬಾಲದ ಶಾರ್ಕ್ ಎಲ್ಲವೂ ಹೆಸರಿಗಷ್ಟೇ ಶಾರ್ಕ್. ಆ ನಾಲ್ಕು ಮೀನುಗಳ ಮುರಿದ ಮೂತಿಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ಸಲ ಪ್ರಾಣಿಯ ಪೂರ್ಣ ಬೆಳವಣಿಗೆಯ ಅಳತೆಗೆ ಮನೆ ಕಟ್ಟಿದ ಮೇಲೆಯೇ ಪ್ರಾಣಿಯನ್ನು ತರುವುದು ಎಂದು ಮೊದಲ ದಿನವೇ ನಿಶ್ಚಯಿಸಿಕೊಂಡಿದ್ದೆ.

ಯಾವ ಶಾರ್ಕ್ ಎಂಬುದು ಮೊದಲ ಪ್ರಶ್ನೆ. ಇಲ್ಲಿನ ಅಂಗಡಿಯವರೊಬ್ಬರು ಎರಡಡಿ ಉದ್ದದ ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್ ತರಿಸಿಕೊಡುವುದಾಗಿ ಹೇಳಿದರು. ಅದು ಒಂದೂವರೆ ಮೀಟರಿನಷ್ಟು ಬೆಳೆಯುತ್ತದೆ, ಹಗಲೂ ರಾತ್ರಿ ಈಜುತ್ತಲೇ ಇರಬೇಕು, ಮನೆಯ ಯಾವ ತೊಟ್ಟಿಯೂ ಅದಕ್ಕೆ ಸಾಲದು. ಮೇಲಾಗಿ 2022ರ ನವೆಂಬರಿನಲ್ಲಿ ಪನಾಮದಲ್ಲಿ ನಡೆದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಭೆಯಲ್ಲಿ ಅದರ ಇಡೀ ಕುಟುಂಬವನ್ನು ಎರಡನೇ ಅನುಬಂಧಕ್ಕೆ ಸೇರಿಸಿದ್ದರಿಂದ, ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಪತ್ರ ಬೇಕು. ನರ್ಸ್ ಶಾರ್ಕ್ ಮರಿಗಳೂ ಮಾರಾಟಕ್ಕೆ ಬರುತ್ತವೆ. ನೋಡಲು ಮುದ್ದಾಗಿದ್ದರೂ ಅವು ಎರಡೂವರೆ, ಮೂರು ಮೀಟರಿಗೆ ಬೆಳೆಯುತ್ತವೆ. ಬೆಳೆದ ಮೇಲೆ ಸಾರ್ವಜನಿಕ ಅಕ್ವೇರಿಯಂಗಳು ತೆಗೆದುಕೊಳ್ಳುತ್ತವೆ ಎಂದು ಮಾರುವವರು ಹೇಳುವ ಮಾತನ್ನು ನಂಬಬೇಡಿ.

ಮನೆಯಲ್ಲಿ ಸಾಕಬಹುದಾದವು ತಳದಲ್ಲಿ ಮಲಗುವ ಜಾತಿಗಳು ಮಾತ್ರ. ಬ್ಯಾಂಬೂ ಶಾರ್ಕ್, ಎಪೊಲೆಟ್ ಶಾರ್ಕ್ ಮತ್ತು ಕೋರಲ್ ಕ್ಯಾಟ್ ಶಾರ್ಕ್‌ಗಳು ಕದಲದೆ ಮಲಗಿದ್ದಾಗಲೂ ಕಿವಿರುಗಳ ಮೂಲಕ ನೀರನ್ನು ತಾವೇ ಹಾಯಿಸಿಕೊಳ್ಳಬಲ್ಲವು, ಹಗಲೆಲ್ಲ ಕಲ್ಲಿನ ಸಂದಿಯಲ್ಲಿದ್ದು ರಾತ್ರಿ ಎದೆಯ ರೆಕ್ಕೆಗಳ ಮೇಲೆ ತೆವಳುತ್ತ ಆಹಾರ ಹುಡುಕುತ್ತವೆ. ನಾನು ಆರಿಸಿಕೊಂಡದ್ದು ಕಂದು ಪಟ್ಟೆಯ ಬ್ಯಾಂಬೂ ಶಾರ್ಕ್, ಅಂದರೆ ಕೈಲೋಸಿಲಿಯಂ ಪಂಕ್ಟೇಟಮ್. ಇದು ಸುಮಾರು ಒಂದು ಮೀಟರ್ ಬೆಳೆಯುತ್ತದೆ, ಸಾಕಿದಲ್ಲಿ 25 ವರ್ಷದವರೆಗೂ ಬದುಕಬಲ್ಲದು, ಮತ್ತು ಸಾಕಣೆಯಲ್ಲೇ ಮೊಟ್ಟೆಯಿಟ್ಟು ಮರಿಯಾಗುವುದರಿಂದ ಕಡಲಿಗೆ ಕೈಹಾಕುವ ಅಗತ್ಯವಿಲ್ಲ. ಇದರ ಸೋದರ ಜಾತಿಗಳು ನಮ್ಮ ಅರಬ್ಬಿ ಸಮುದ್ರದಲ್ಲೂ ಇವೆ. ಟ್ರಾಲ್ ಬಲೆಗೆ ಸಿಕ್ಕ ಅಂಥ ಮೀನನ್ನು ಮನೆಗೆ ತಂದು ತೊಟ್ಟಿಗೆ ಬಿಡುವ ಯೋಚನೆ ಊರಿನವರು ಯಾರೂ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಲೆಯಲ್ಲಿ ನಲುಗಿದ ಮೀನು ನಿಮ್ಮ ಕಣ್ಣೆದುರೇ ನರಳಿ ಸಾಯುತ್ತದೆ.

25 ವರ್ಷ ಎಂಬ ಅಂಕಿಯನ್ನು ನನ್ನ ಹೆಂಡತಿ ನನಗಿಂತ ಮೊದಲೇ ಅರಗಿಸಿಕೊಂಡಳು. “ರೀ, ಮಗಳು ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿ, ನಮಗೆ ಅರವತ್ತು ದಾಟಿದ ಮೇಲೂ ಇದು ಇರುತ್ತದೆ. ಆಗ ನೀರು ಬದಲಿಸುವವರು ಯಾರು?” ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಒಂದು ಡಾಲರ್ ಕೂಡ ಖರ್ಚು ಮಾಡುವುದಿಲ್ಲ ಎಂದು ಒಪ್ಪಿದೆ. ಮೂರು ವಾರದ ಬಳಿಕ, ಇದೇ ಹವ್ಯಾಸದಲ್ಲಿ ಹದಿನೈದು ವರ್ಷದಿಂದ ಇರುವ, ನಮಗಿಂತ ಬಹಳ ಚಿಕ್ಕವರಾದ ಗೆಳೆಯರೊಬ್ಬರು ಅಗತ್ಯ ಬಿದ್ದರೆ ತಾವು ವಹಿಸಿಕೊಳ್ಳುವುದಾಗಿ ಕಾಗದದಲ್ಲಿ ಬರೆದು ಸಹಿ ಹಾಕಿಕೊಟ್ಟರು. ಆ ಕಾಗದ ಈಗಲೂ ನಮ್ಮ ಮನೆಪತ್ರಗಳ ಜೊತೆಯಲ್ಲಿದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂತ ಮಗಾ, ತಾಟೆಯನ್ನು ಯಾರಾದರೂ ಮನೆಯೊಳಗೆ ಸಾಕ್ತಾರಾ?” ಎಂದರು, ಮತ್ತೆ ಅವರೇ, “ಸಾಕುವುದಾದರೆ ಹೊಟ್ಟೆಗೆ ಸರಿಯಾಗಿ ಹಾಕು” ಎಂದರು.

ಕಾಗದಪತ್ರದ ಕೆಲಸ ಇಷ್ಟು ಹೊತ್ತು ತಿನ್ನುತ್ತದೆ ಎಂದು ನಾನು ಎಣಿಸಿರಲಿಲ್ಲ. ಟೆಕ್ಸಸ್ ರಾಜ್ಯದ ವನ್ಯಜೀವಿ ಇಲಾಖೆಯ ನಿಷೇಧಿತ ಹೊರದೇಶದ ಮೀನುಗಳ ಪಟ್ಟಿಯಲ್ಲಿ ಬ್ಯಾಂಬೂ ಶಾರ್ಕ್ ಇಲ್ಲವೆಂದು ನೋಡಿಕೊಂಡದ್ದು ಒಂದು ಸಂಜೆಯ ಕೆಲಸ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾದ್ದರಿಂದ ನೀವಿರುವ ಕಡೆಯದ್ದನ್ನು ನೀವೇ ಓದಬೇಕು. ಬಡಾವಣೆಯ ನಿವಾಸಿಗಳ ಸಂಘದ ನಿಯಮಪುಸ್ತಕದಲ್ಲಿ ‘ವಿಲಕ್ಷಣ ಪ್ರಾಣಿಗಳು’ ಎಂಬ ಒಂದು ಪದವಿದ್ದುದರಿಂದ ಎರಡು ಸಭೆಗಳವರೆಗೆ ಕಾಯಬೇಕಾಯಿತು. ಮೀನಿನ ಉದ್ದ, ಅದಕ್ಕೆ ಮನುಷ್ಯರನ್ನು ಕಚ್ಚುವ ಸ್ವಭಾವವಿಲ್ಲದಿರುವುದು, ಕೊಳ ಮನೆಯೊಳಗೇ ಇರುವುದು, ಇಷ್ಟನ್ನು ಒಂದು ಪುಟದಲ್ಲಿ ಬರೆದುಕೊಟ್ಟ ಮೇಲೆ ಒಪ್ಪಿಗೆ ಬಂತು. ಮನೆಯ ವಿಮೆಯವರಿಗೆ ನಾನು ಕೇಳಿದ್ದು ಕೊಳ ಒಡೆದು ನೀರು ನುಗ್ಗಿದರೆ ಪರಿಹಾರ ಸಿಗುತ್ತದೆಯೇ ಎಂದು. ಅವರು ಐದು ವಾರ ಬಿಟ್ಟು ಉತ್ತರಿಸಿದ್ದು ಅಪಾಯಕಾರಿ ಸಾಕುಪ್ರಾಣಿಗಳ ಬಗ್ಗೆ. ಮತ್ತೆ ಬರೆದು, ಮತ್ತೆ ಮೂರು ವಾರ ಕಾದು, ಹೆಚ್ಚುವರಿ ಕಂತು ಕಟ್ಟಿ ಲಿಖಿತ ಉತ್ತರ ಪಡೆದೆ. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಇದಕ್ಕೆ ಇಳಿಯಲೇಬಾರದು.

ಇನ್ನು ನೆಲ. ಕೊಳದ ಒಳಅಳತೆ 10 ಅಡಿ ಉದ್ದ, 7 ಅಡಿ ಅಗಲ, ನೀರಿನ ಆಳ 2 ಅಡಿ. ಅಂದರೆ ಸುಮಾರು 4,000 ಲೀಟರ್ ನೀರು, ನಾಲ್ಕು ಟನ್ನಿಗಿಂತ ತುಸು ಹೆಚ್ಚು ಭಾರ. ಇಲ್ಲಿನ ಗ್ಯಾರೇಜುಗಳು ಮಣ್ಣಿನ ಮೇಲೆಯೇ ಹಾಕಿದ ಕಾಂಕ್ರೀಟ್ ನೆಲದವು, ಆದ್ದರಿಂದ ತಡೆಯುತ್ತದೆ. ಮರದ ತೊಲೆಗಳ ಮೇಲಿನ ನೆಲದಲ್ಲಿ, ಅದರಲ್ಲೂ ಮಹಡಿಯಲ್ಲಿ, ಎಂಜಿನಿಯರ್ ನೋಡದೆ ಇಷ್ಟು ಭಾರ ಇಡುವಂತಿಲ್ಲ. ಎತ್ತರದ ಗಾಜಿನ ತೊಟ್ಟಿಯ ಬದಲು ಅಗಲವಾದ ಕೊಳವನ್ನು ಆರಿಸಿದ್ದಕ್ಕೆ ಕಾರಣ ಸರಳ: ತಳದಲ್ಲಿ ಬದುಕುವ ಮೀನಿಗೆ ಬೇಕಾದದ್ದು ತಳದ ವಿಸ್ತಾರ, ಮೀಟರ್ ಉದ್ದದ ದೇಹ ಎಲ್ಲೂ ಮಡಚಿಕೊಳ್ಳದೆ ತಿರುಗಬೇಕು. ಮರದ ಚೌಕಟ್ಟು ಕಟ್ಟಿ, ರಬ್ಬರ್ ಹಾಳೆ ಹಾಸಿ, ಮೂಲೆಗಳನ್ನು ದುಂಡಗೆ ತುಂಬಿಸಿದೆವು. ತಳಕ್ಕೆ ನುಣ್ಣನೆಯ ಮರಳು ಮಾತ್ರ, ಏಕೆಂದರೆ ಒಡೆದ ಹವಳದ ಚೂರುಗಳು ಅದರ ಹೊಟ್ಟೆಯ ಚರ್ಮವನ್ನು ತರಚುತ್ತವೆ. ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಹಾಳೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಲಗೆ ಇಟ್ಟು ಅದರ ಮೇಲೆ ಕೂರಿಸಬೇಕು, ಇಲ್ಲವಾದರೆ ಶಾರ್ಕ್ ಕೆಳಗಿನ ಮರಳು ತೋಡಿದಾಗ ಕಲ್ಲು ಅದರ ಮೇಲೆಯೇ ಉರುಳುತ್ತದೆ. ಪಂಪಿನ ಬಾಯಿಗಳಿಗೆಲ್ಲ ಜಾಲರಿ, ಕೊಳದ ಮೇಲೆ ಬಿಗಿಯಾದ ಬಲೆಯ ಮುಚ್ಚಳ ಕಡ್ಡಾಯ. ಈ ಮೀನು ಸಣ್ಣ ಕಿಂಡಿಗೂ ನುಗ್ಗುತ್ತದೆ, ನೀರಿನಿಂದ ಹಾರಿಯೂ ಬೀಳುತ್ತದೆ.

ಖರ್ಚನ್ನು ಮುಚ್ಚಿಡದೆ ಹೇಳುತ್ತೇನೆ. ಚೌಕಟ್ಟು ಮತ್ತು ಹಾಳೆಗೆ 1,600 ಡಾಲರ್. ಪಂಪು, ಫಿಲ್ಟರ್, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಎಲ್ಲ ಸೇರಿ 2,900. ಹೂಸ್ಟನ್ನಿನ ಬೇಸಿಗೆಯಲ್ಲಿ ಗ್ಯಾರೇಜು ಕುಲುಮೆಯಾಗುವುದರಿಂದ, ನೀರನ್ನು 25 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಇರಿಸಲು ಗೋಡೆಗಳಿಗೆ ಶಾಖನಿರೋಧಕ ತುಂಬಿಸಿ ಎಸಿ ಹಾಕಿಸಿದ್ದಕ್ಕೆ 3,200. ಪರವಾನಗಿ ಪಡೆದು ಪ್ರತ್ಯೇಕ ವಿದ್ಯುತ್ ಸಂಪರ್ಕ ಎಳೆಸಿದ್ದಕ್ಕೆ 1,150. ಸಣ್ಣ ಜನರೇಟರ್ ಮತ್ತು ನೀರಿಗೆ ಗಾಳಿಯೂಡುವ, ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರಗಳಿಗೆ 1,250. ನೀರು ಶುದ್ಧೀಕರಿಸುವ ಆರ್‌ಓ ಘಟಕ, ಉಪ್ಪು, ಮರಳು, ಪರೀಕ್ಷೆಯ ಸಾಮಗ್ರಿ, ಮರಿಯ ಆವರಣ ಇವೆಲ್ಲ ಸೇರಿ 1,700. ಒಟ್ಟು 11,800 ಡಾಲರ್, ಇದರಲ್ಲಿ ಮೀನಿನ ಬೆಲೆ ಸೇರಿಲ್ಲ. ಈಗ ತಿಂಗಳಿಗೆ ವಿದ್ಯುತ್ತು, ಉಪ್ಪು, ಆಹಾರಕ್ಕೆಂದು ಸುಮಾರು 200 ಡಾಲರ್ ಹೋಗುತ್ತದೆ. ಮೊಟ್ಟೆಯ ಬೆಲೆ ನೂರು ಡಾಲರಿನ ಆಸುಪಾಸು ಎಂದು ಕೇಳಿ ಯಾರೂ ಆಸೆಪಡಬಾರದು.

2023ರ ಸೆಪ್ಟೆಂಬರಿನಲ್ಲಿ ನೀರು ತುಂಬಲು ಆರಂಭಿಸಿದೆ. ಇಲ್ಲಿನ ನಲ್ಲಿ ನೀರಿಗೆ ಕ್ಲೋರಮೈನ್ ಎಂಬ ಸೋಂಕುನಾಶಕ ಹಾಕುವುದರಿಂದ ಹಾಗೆಯೇ ಬಳಸುವಂತಿಲ್ಲ. ಆರ್‌ಓ ಘಟಕದ ಪೆಟ್ಟಿಗೆಯ ಮೇಲೆ ದಿನಕ್ಕೆ 150 ಗ್ಯಾಲನ್ ಎಂದು ಬರೆದಿದ್ದರೂ ಕೊಳ ತುಂಬಲು ಒಂಬತ್ತು ದಿನ ಹಿಡಿಯಿತು, 140 ಕಿಲೋ ಉಪ್ಪು ಕರಗಿತು. ಬಳಿಕ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ಬೆಳೆಯುವವರೆಗೆ ಕಾಯಬೇಕು. ಅವುಗಳಿಗೆ ಆಹಾರವಾಗಿ ಅಮೋನಿಯಂ ಕ್ಲೋರೈಡನ್ನು ಅಳೆದು ಹಾಕುತ್ತ ಒಂಬತ್ತು ವಾರ ಖಾಲಿ ಕೊಳಕ್ಕೆ ದೀಪ ಹಚ್ಚಿದೆ. ಮಗಳು ದಿನವೂ ಶಾಲೆಯಿಂದ ಬಂದು ಪರೀಕ್ಷೆಯ ಕೊಳವೆಯ ಬಣ್ಣ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ನವೆಂಬರಿನ ಕೊನೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸತತವಾಗಿ ಸೊನ್ನೆಗೆ ನಿಂತವು. ಈ ಹಂತವನ್ನು ಅವಸರಿಸಿದವರ ಕಥೆಗಳನ್ನು ನಾನು ಸಾಕಷ್ಟು ಕೇಳಿದ್ದೇನೆ, ಎಲ್ಲವೂ ಮೊದಲ ತಿಂಗಳೊಳಗೆ ಮೀನು ಸತ್ತ ಕಥೆಗಳೇ.

ಮೊಟ್ಟೆಯನ್ನು ಜನವರಿಯಲ್ಲಿ ಕಳಿಸುವುದಾಗಿ ಒಬ್ಬ ಮಾರಾಟಗಾರರು ಒಪ್ಪಿದ್ದರು. 2024ರ ಜನವರಿ ಮಧ್ಯದಲ್ಲಿ ಹೂಸ್ಟನ್ನಿಗೂ ಹೆಪ್ಪುಗಟ್ಟುವ ಚಳಿ ಬಂದದ್ದರಿಂದ ಎರಡು ವಾರ ಮುಂದೆ ಹೋಗಿ, 30ರಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಂತು. ಬ್ಯಾಂಬೂ ಶಾರ್ಕಿನ ಮೊಟ್ಟೆ ಅಂಗೈಯಷ್ಟು ಉದ್ದದ, ಕಂದುಬಣ್ಣದ ಚರ್ಮದ ಚೀಲದಂತಿರುತ್ತದೆ. ಅದನ್ನು ನೀರಿನಿಂದ ಹೊರಗೆತ್ತದೆಯೇ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಾಗಿಸಬೇಕು, ಒಳಗೆ ಗಾಳಿ ಸಿಕ್ಕಿಕೊಂಡರೆ ಭ್ರೂಣಕ್ಕೆ ಅಪಾಯ. ಹಿಂದಿನಿಂದ ಟಾರ್ಚ್ ಹಿಡಿದರೆ ಒಳಗಿನ ಹಳದಿ ಕಾಣುತ್ತದೆ. ನಾವು ದಿನವೂ ನೋಡಿದೆವು. ಮೂರು ವಾರವಾದರೂ ಹಳದಿಯ ಅಂಚು ಕಲಸಿಹೋದಂತೆ ಕಂಡಿತೇ ಹೊರತು ಏನೂ ಅಲುಗಲಿಲ್ಲ, ಕೊನೆಗೆ ಚೀಲ ಊದಿ ನೀರಿಗೆ ವಾಸನೆ ಬಂತು. ಮಾರಾಟಗಾರರು, ಏಳು ದಿನದೊಳಗೆ ದೂರು ಕೊಡಬೇಕಿತ್ತು ಎಂದು ಹಣ ಹಿಂದಿರುಗಿಸಲಿಲ್ಲ. ಅಂಚೆವೆಚ್ಚ ಸೇರಿ 150 ಡಾಲರ್ ಹೋಯಿತು. ಹಣಕ್ಕಿಂತ ಮಗಳ ಮುಖ ನೋಡುವುದು ಕಷ್ಟವಾಯಿತು. ಭ್ರೂಣ ಅಲುಗುತ್ತಿರುವ ವಿಡಿಯೊ ನೋಡದೆ, ಮೊಟ್ಟೆಯಿಟ್ಟ ದಿನಾಂಕ ಮತ್ತು ಸಾಕಣೆಯಲ್ಲೇ ಹುಟ್ಟಿದ್ದೆಂಬ ಲಿಖಿತ ಪತ್ರ ಪಡೆಯದೆ ಹಣ ಕಳಿಸಬೇಡಿ. ಎರಡನೆಯ ಸಲ ನಾನು ಮೂರನ್ನೂ ಪಡೆದುಕೊಂಡೆ.

ಆ ಎರಡನೆಯ ಮೊಟ್ಟೆ ಫೆಬ್ರವರಿ 27ರಂದು, ಒಂದು ತಿಂಗಳ ಬೆಳವಣಿಗೆಯೊಂದಿಗೆ ಬಂತು. ಅದನ್ನು ಕೊಳದ ನೀರಿನಲ್ಲೇ ರಂಧ್ರಗಳಿರುವ ಬುಟ್ಟಿಯಲ್ಲಿ ತೂಗುಬಿಟ್ಟೆ. ಟಾರ್ಚ್ ಬೆಳಕಿನಲ್ಲಿ ದಾರದಂಥ ಮರಿಯೊಂದು ದುಂಡನೆಯ ಹಳದಿಗೆ ಅಂಟಿಕೊಂಡು ಬಾಲ ಬೀಸುತ್ತಿತ್ತು. ವಾರ ಕಳೆದಂತೆ ಹಳದಿ ಕುಗ್ಗಿತು, ಮರಿ ಹಿಗ್ಗಿತು, ಏಪ್ರಿಲ್ ಕೊನೆಗೆ ಪಟ್ಟೆಗಳು ಮೂಡಿದವು. ನಾನು ನೀರಿಗೆ ಕೈ ಇಳಿಸಿದಾಗಲೆಲ್ಲ ಬಾಲದ ಬೀಸಾಟ ತಟ್ಟನೆ ನಿಲ್ಲುತ್ತಿತ್ತು, ಕೈ ತೆಗೆದು ಕೆಲವು ಕ್ಷಣಗಳಾದ ಮೇಲೆ ಮತ್ತೆ ಶುರುವಾಗುತ್ತಿತ್ತು. 2013ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದೇ ಜಾತಿಯ ಭ್ರೂಣಗಳ ಬಗ್ಗೆ ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ ಈ ನೋಟದ ತೂಕ ತಿಳಿಯಿತು. ಬೇಟೆಗಾರ ಪ್ರಾಣಿ ಹೊಮ್ಮಿಸುವಂಥ ಕ್ಷೀಣ ವಿದ್ಯುತ್ ಕ್ಷೇತ್ರ ತಾಗಿದೊಡನೆ, ಮೊಟ್ಟೆಯೊಳಗಿನ ಮರಿ ಕಿವಿರಾಡಿಸುವುದನ್ನೂ ನಿಲ್ಲಿಸಿ ಸ್ತಬ್ಧವಾಗುತ್ತದೆಂದು ಅವರು ತೋರಿಸಿದ್ದರು. ಹುಟ್ಟುವ ಮೊದಲೇ ವಿದ್ಯುತ್ತನ್ನು ಗ್ರಹಿಸುವ ಪ್ರಾಣಿಯನ್ನು ಹತ್ತಾರು ವಿದ್ಯುತ್ ಉಪಕರಣಗಳ ನಡುವೆ ಸಾಕುತ್ತಿದ್ದೇನೆ ಎಂಬ ಎಚ್ಚರ ಆಗ ಹುಟ್ಟಿದರೂ, ಅದು ಸಾಕಷ್ಟಾಗಿರಲಿಲ್ಲ ಎಂಬುದು ಮುಂದೆ ಗೊತ್ತಾಯಿತು.

ಜೂನ್ 6ರ ಬೆಳಿಗ್ಗೆ ಬುಟ್ಟಿಯಲ್ಲಿ ಚೀಲ ಸೀಳಿ ಬಿದ್ದಿತ್ತು, ಪಕ್ಕದಲ್ಲಿ 15 ಸೆಂಟಿಮೀಟರಿನ, ಬಿಳಿ ಮೈಗೆ ಕಪ್ಪು ಪಟ್ಟೆಗಳಿದ್ದ ಮರಿ ಮಲಗಿತ್ತು. ಹೊಟ್ಟೆಯ ಕೆಳಗಿನ ರೆಕ್ಕೆಗಳ ಬಳಿ ಗಂಡಿಗಿರುವ ಕೋಲಿನಂಥ ಅಂಗಗಳಿರಲಿಲ್ಲ, ಆದ್ದರಿಂದ ಹೆಣ್ಣು. ಹನ್ನೊಂದು ದಿನ ಅವಳು ಏನನ್ನೂ ತಿನ್ನಲಿಲ್ಲ. ಹೊಟ್ಟೆಯೊಳಗೆ ಉಳಿದ ಹಳದಿ ಮೊದಲ ವಾರ ಸಾಕಾಗುತ್ತದೆಂದು ತಿಳಿದಿದ್ದರೂ, ಎಂಟನೆಯ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ. ಸಿಗಡಿಯ ಚೂರು, ಮರುವಾಯಿ ಎಂಬ ಚಿಪ್ಪುಜೀವಿಯ ಮಾಂಸ, ಬೊಂಡಾಸಿನ (ಸ್ಕ್ವಿಡ್) ಎಳೆ ಎಲ್ಲವನ್ನೂ ಇಕ್ಕುಳದಲ್ಲಿ ಹಿಡಿದು ಮೂತಿಯ ಮುಂದೆ ಆಡಿಸಿದೆ, ಅವಳು ಹಿಂದೆ ಸರಿದಳು. 17ರ ರಾತ್ರಿ ಹನ್ನೊಂದು ಗಂಟೆಗೆ ದೀಪವೆಲ್ಲ ಆರಿಸಿ, ಜೀವಂತ ಸಣ್ಣ ಸಿಗಡಿಯೊಂದನ್ನು ಬಿಟ್ಟು, ಕೆಂಪು ಬೆಳಕಿನಲ್ಲಿ ಕಾದು ಕುಳಿತೆವು. ಅವಳು ರೆಕ್ಕೆಗಳ ಮೇಲೆ ನಡೆಯುತ್ತ ಬಂದು, ಮರಳಿಗೆ ಮೂತಿ ತಾಗಿಸಿ ಒಂದು ಕ್ಷಣ ನಿಂತಳು, ಸಿಗಡಿ ಮಾಯವಾಯಿತು, ಮರಳಿನ ಸಣ್ಣ ದೂಳೆದ್ದಿತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಸದ್ದಿಲ್ಲದೆ ಅತ್ತಳು. ಮರಿ ತಿನ್ನದಿದ್ದರೆ ಕತ್ತಲಾದ ಮೇಲೆ ಜೀವಂತ ಸಿಗಡಿಯಿಂದ ಪ್ರಯತ್ನಿಸಿ, ರೂಢಿಯಾದ ಮೇಲೆ ಇಕ್ಕುಳಕ್ಕೆ ತಿರುಗಿಸಿ.

ಇದಾಗಿ ಮೂರು ವಾರಕ್ಕೆ ಬೆರಿಲ್ ಚಂಡಮಾರುತ ಬಂತು. ಜುಲೈ 8ರ ನಸುಕಿನಲ್ಲಿ ಅದು ಟೆಕ್ಸಸ್ ಕರಾವಳಿಯ ಮ್ಯಾಟಗೋರ್ಡಾ ಬಳಿ ದಡ ಹತ್ತಿತು, ಹೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ವಿದ್ಯುತ್ ಹೋಯಿತು. ನಮಗೆ ಮರಳಿ ಬಂದದ್ದು 13ರ ಸಂಜೆ. ಆ ಆರು ದಿನ ನಾನು ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿದ್ಯುತ್ ಹೋದಾಗ ಮೊದಲು ಕಾಡುವುದು ಶಾಖವಲ್ಲ, ಆಮ್ಲಜನಕ. ಬ್ಯಾಟರಿಯ ಗಾಳಿಯಂತ್ರಗಳು ತಾವಾಗಿಯೇ ಚಾಲೂ ಆಗಿದ್ದರಿಂದ ಜನರೇಟರ್ ಹೊರಗೆಳೆಯುವ ಅರ್ಧ ಗಂಟೆ ಸುಸೂತ್ರವಾಗಿ ಕಳೆಯಿತು. ಜನರೇಟರನ್ನು ಗ್ಯಾರೇಜಿನೊಳಗೆ, ಬಾಗಿಲು ತೆರೆದಿಟ್ಟಾದರೂ ಸರಿ, ಎಂದೂ ಇಡಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಮನೆಮಂದಿಯನ್ನೇ ಕೊಲ್ಲುತ್ತದೆ. ನಮ್ಮದು ಹಿತ್ತಲಿನಲ್ಲಿ, ಕಿಟಕಿಗಳಿಂದ ದೂರದಲ್ಲಿ ನಿಂತು, ಪಂಪನ್ನೂ ಅಡುಗೆಮನೆಯ ಫ್ರಿಜ್ಜನ್ನೂ ನಡೆಸಿತು. ಎಸಿಗೆ ಅದರ ಶಕ್ತಿ ಸಾಲಲಿಲ್ಲ. ನೀರಿನ ಉಷ್ಣತೆ 25ರಿಂದ ಮೂರನೆಯ ದಿನಕ್ಕೆ 29.5ಕ್ಕೆ ಏರಿತು. ಮರಿಗೆ ಆಹಾರ ಪೂರ್ತಿ ನಿಲ್ಲಿಸಿದೆ, ತಿನ್ನದಿದ್ದರೆ ಅಮೋನಿಯಾವೂ ಏರುವುದಿಲ್ಲ. ಫ್ರೀಜರಿನಲ್ಲಿ ಮೊದಲೇ ಇಟ್ಟಿದ್ದ ಎರಡು ಲೀಟರಿನ ನೀರಿನ ಬಾಟಲಿಗಳನ್ನು ನಾಲ್ಕು ನಾಲ್ಕರಂತೆ ತೇಲಿಬಿಟ್ಟೆ. ಪೆಟ್ರೋಲಿಗಾಗಿ ದಿನವೂ ಒಂದೂವರೆ ಗಂಟೆ ಸಾಲಿನಲ್ಲಿ ನಿಲ್ಲುತ್ತಿದ್ದೆ. ನಾಲ್ಕನೆಯ ರಾತ್ರಿ ಮರಿಯ ಉಸಿರಾಟ ನಿಮಿಷಕ್ಕೆ ಎಷ್ಟು ಎಂದು ಎಣಿಸುತ್ತ ಕೊಳದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದಾಗ, ಈ ಜೀವವನ್ನು ಇಲ್ಲಿಗೆ ತಂದು ತಪ್ಪು ಮಾಡಿದೆನೇ ಎಂದು ನನ್ನನ್ನು ನಾನೇ ಬಹಳ ಹೊತ್ತು ಕೇಳಿಕೊಂಡೆ. 4,000 ಲೀಟರ್ ನೀರು ನಿಧಾನವಾಗಿ ಬಿಸಿಯಾದದ್ದೇ ಅವಳನ್ನು ಉಳಿಸಿತು. ಇದೇ ಮರಿ ಚಿಕ್ಕ ತೊಟ್ಟಿಯಲ್ಲಿದ್ದಿದ್ದರೆ ಎರಡನೆಯ ದಿನ ದಾಟುತ್ತಿರಲಿಲ್ಲ.

ನವೆಂಬರಿನಲ್ಲಿ ಬಂದ ತೊಂದರೆ ಸದ್ದಿಲ್ಲದೆ ಬಂತು. ಆಗ 26 ಸೆಂಟಿಮೀಟರ್ ಇದ್ದ ಅವಳು ತನ್ನ ಆವರಣದ ಎಡಮೂಲೆಯ ಗುಹೆಯನ್ನು ಬಿಟ್ಟು, ಎದುರಿನ ತೆರೆದ ಮರಳಿನಲ್ಲಿ ಹಗಲೆಲ್ಲ ಮಲಗತೊಡಗಿದಳು, ಊಟ ಅರ್ಧಕ್ಕಿಳಿಯಿತು. ನೀರಿನ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಬೊಂಡಾಸಿನ ಚೂರನ್ನು ಇಕ್ಕುಳದಲ್ಲಿ ಎಡಮೂಲೆಯ ಕಡೆಗೆ ಸರಿಸಿದರೆ, ಹಿಂದೆಯೇ ಬಂದವಳು ಒಂದು ಗೆರೆ ಎಳೆದಿಟ್ಟಂತೆ ಅದೇ ಜಾಗದಲ್ಲಿ ನಿಂತು, ಮೂತಿ ತಿರುಗಿಸಿ ಮರಳುತ್ತಿದ್ದಳು. ಐದು ಸಲ ಹೀಗೆಯೇ ಆಯಿತು. ಆ ಮೂಲೆಯಲ್ಲಿ ಇದ್ದದ್ದು ಚಳಿಯ ರಾತ್ರಿಗಳಿಗೆಂದು ಅಕ್ಟೋಬರಿನಲ್ಲಿ ಹಾಕಿದ್ದ ಹೀಟರ್. ಮಲ್ಟಿಮೀಟರಿನ ಒಂದು ತುದಿಯನ್ನು ನೀರಿಗೂ ಇನ್ನೊಂದನ್ನು ಅರ್ಥಿಂಗಿಗೂ ಹಿಡಿದಾಗ 38 ವೋಲ್ಟ್ ತೋರಿಸಿತು, ಹೀಟರ್ ಕಿತ್ತರೆ 2ಕ್ಕೆ ಇಳಿಯಿತು. ಹೊರಗೆ ತೆಗೆದು ಬೆಳಕಿಗೆ ಹಿಡಿದಾಗ ಅದರ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಸೋರಿಕೆಯಾದರೆ ವಿದ್ಯುತ್ ಕಡಿಯುವ ಜಿಎಫ್‌ಸಿಐ ಇದ್ದರೂ ಅದು ಬೀಳಲಿಲ್ಲ, ಏಕೆಂದರೆ ರಬ್ಬರ್ ಹಾಳೆಯ ಕೊಳದಿಂದ ಭೂಮಿಗೆ ಹರಿಯಲು ದಾರಿಯೇ ಇರಲಿಲ್ಲ. ನೀರಿಗೆ ಅರ್ಥಿಂಗ್ ಕಡ್ಡಿ ಇಳಿಸಿ, ಅದರ ಜೊತೆಗೆ ಜಿಎಫ್‌ಸಿಐ ಇದ್ದರೆ ಮಾತ್ರ ಸೋರಿಕೆ ಶುರುವಾದ ಕೂಡಲೇ ಸಂಪರ್ಕ ಕಡಿಯುತ್ತದೆ. ಎಲೆಕ್ಟ್ರಿಷಿಯನ್ ಬಂದು ಕಡ್ಡಿ ಹಾಕಿಕೊಟ್ಟರು. ನಾಲ್ಕನೆಯ ದಿನ ಅವಳು ತನ್ನ ಗುಹೆಗೆ ಮರಳಿದಳು. ನೂರು ಡಾಲರಿನ ಆ ಹೀಟರ್ ನನ್ನ ಕೈಗಾಗಲಿ ಮಗಳ ಕೈಗಾಗಲಿ ಏನು ಮಾಡಬಹುದಿತ್ತು ಎಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಆಹಾರದ ಬಗ್ಗೆ ಅಮ್ಮ ಹೇಳಿದ ಮಾತು ನಾನೆಣಿಸಿದ್ದಕ್ಕಿಂತ ಆಳದ್ದಾಗಿತ್ತು. ಫ್ರೀಜರಿನಲ್ಲಿಟ್ಟ ಮೀನಿನಲ್ಲಿ ವಿಟಮಿನ್‌ಗಳು ಕುಂದುತ್ತವೆ, ಬೂತಾಯಿಯ (ಸಾರ್ಡೀನ್) ಬಳಗದ ಹಲವು ಮೀನುಗಳಲ್ಲಿ ಬಿ1 ವಿಟಮಿನ್ ಅನ್ನೇ ನಾಶಮಾಡುವ ಕಿಣ್ವವಿರುತ್ತದೆ. ಆದ್ದರಿಂದ ಒಂದೇ ಬಗೆಯ ಆಹಾರ ಸಲ್ಲದು, ಶಾರ್ಕ್ ಮತ್ತು ತೊರಕೆ (ರೇ) ಮೀನುಗಳಿಗೆಂದೇ ಸಿಗುವ ವಿಟಮಿನ್ ಗುಳಿಗೆಯನ್ನು ಬೊಂಡಾಸಿನೊಳಗೆ ತುರುಕಿ ಕೊಡಬೇಕು. ನೈಟ್ರೇಟ್ ಹೆಚ್ಚಿದರೆ ಶಾರ್ಕಿಗೆ ಅಯೋಡಿನ್ ಹೀರಲಾಗದೆ ಗಂಟಲಿನಲ್ಲಿ ಗಳಗಂಡ ಬರುತ್ತದೆ, ಹೀಗಾಗಿ ಎರಡು ವಾರಕ್ಕೊಮ್ಮೆ 800 ಲೀಟರ್ ನೀರು ಬದಲಿಸುತ್ತೇನೆ. ಇತರ ಮೀನುಗಳ ರೋಗಕ್ಕೆ ಬಳಸುವ ತಾಮ್ರದ ಔಷಧಿ ಶಾರ್ಕಿಗೆ ವಿಷ. ಕೊಳಕ್ಕೆ ಹಿಂದೆ ಬಳಸಿದ ಯಾವುದೇ ಕಲ್ಲು, ಪಂಪು ಕೊಂಡರೆ ಅವು ತಾಮ್ರ ಕಂಡಿವೆಯೇ ಎಂದು ಕೇಳಿ ತಿಳಿಯಿರಿ. ಮೀನುಗಳನ್ನು ನೋಡುವ ಪಶುವೈದ್ಯರನ್ನು ರೋಗ ಬರುವ ಮೊದಲೇ ಹುಡುಕಿಟ್ಟುಕೊಳ್ಳಿ. ನನಗೆ ಸಿಕ್ಕ ವೈದ್ಯರು ಎಪ್ಪತ್ತು ಮೈಲಿ ದೂರದಲ್ಲಿದ್ದಾರೆ, ಮನೆಗೆ ಬಂದರೆ 180 ಡಾಲರ್. ಫೆಬ್ರವರಿಯಲ್ಲಿ ಬಂದು ಅವಳ ಗಂಟಲು, ಕಿವಿರು, ಚರ್ಮ ನೋಡಿ, ಆವರಣದಿಂದ ಇಡೀ ಕೊಳಕ್ಕೆ ಬಿಡಬಹುದು ಎಂದರು.

ಇನ್ನೂ ಒಂದು ವಿಷಯ ಉಳಿದಿದೆ. ಅವಳು ಬೆಳೆದ ಮೇಲೆ ಒಬ್ಬಳೇ ಇದ್ದರೂ ಮೊಟ್ಟೆಯಿಡಬಹುದು. ಡೆಟ್ರಾಯಿಟ್‌ನ ಬೆಲ್ ಐಲ್ ಅಕ್ವೇರಿಯಂನಲ್ಲಿ 2002ರಲ್ಲಿ ಬಿಳಿಚುಕ್ಕೆಯ ಬ್ಯಾಂಬೂ ಶಾರ್ಕೊಂದು ಗಂಡಿನ ಸಂಪರ್ಕವಿಲ್ಲದೆಯೇ ಇಟ್ಟ ಮೊಟ್ಟೆಗಳಿಂದ ಮರಿಗಳು ಹೊರಬಂದಿದ್ದವು. ಹಾಗಾದರೆ ಆ ಮರಿಗಳಿಗೂ ನಾಲ್ಕು ಟನ್ ನೀರು, 25 ವರ್ಷ ಬೇಕು. ಯೋಗ್ಯ ಮನೆ ಸಿಕ್ಕದ ಹೊರತು ಮೊಟ್ಟೆಗಳನ್ನು ಬೆಳೆಯಲು ಬಿಡುವುದಿಲ್ಲ ಎಂದು ನಾವಿಬ್ಬರೂ ಈಗಲೇ ತೀರ್ಮಾನಿಸಿದ್ದೇವೆ. ಸಾಕಲಾಗದ ಮೀನನ್ನು ಇಲ್ಲಿನ ಮೆಕ್ಸಿಕೊ ಕೊಲ್ಲಿಯ ನೀರಿಗೆ ಬಿಡುವ ಮಾತಂತೂ ಇಲ್ಲವೇ ಇಲ್ಲ. ಅಲ್ಲಿ ಹೊರಗಿನಿಂದ ಬಂದು ತುಂಬಿಕೊಂಡ ಲಯನ್‌ಫಿಶ್ ಸ್ಥಳೀಯ ಮೀನುಗಳನ್ನು ತಿನ್ನುತ್ತಿರುವುದು ಎಲ್ಲರಿಗೂ ಗೊತ್ತಿದೆ.

ಜಾಲರಿ ತೆಗೆದ ಸಂಜೆ ಅವಳು ತಕ್ಷಣ ಹೊರಗೆ ಬರಲಿಲ್ಲ. ಜಾಲರಿ ಇದ್ದ ಗೆರೆಯ ಬಳಿ ಬಂದು ಮೂತಿಯನ್ನು ಎಡಕ್ಕೂ ಬಲಕ್ಕೂ ಆಡಿಸಿ ಮರಳಿ ಗುಹೆಗೆ ಹೋದಳು. ರಾತ್ರಿ ಹತ್ತಕ್ಕೆ ಕೆಂಪು ದೀಪ ಹಚ್ಚಿ ನೋಡಿದಾಗ, ಹತ್ತಡಿ ಆಚೆಯ ತುದಿಯಲ್ಲಿ, ದುಂಡಗಿನ ಮೂಲೆಗೆ ಮೈ ತಾಗಿಸಿಕೊಂಡು ನಿಧಾನವಾಗಿ ತಿರುಗುತ್ತಿದ್ದಳು. ಬಾಲ ಎಲ್ಲಿಯೂ ಗೋಡೆಗೆ ಬಡಿಯಲಿಲ್ಲ. ಮಗಳು ಇಕ್ಕುಳದಲ್ಲಿ ಬೊಂಡಾಸಿನ ಉಂಗುರವನ್ನು ನೀರಿಗಿಳಿಸಿದಳು, ಹತ್ತಡಿ ದಾಟಿ ಬರಲು ಅವಳಿಗೆ ಅರ್ಧ ನಿಮಿಷ ಹಿಡಿಯಿತು.